ಹಳೇ ಪಾಪ್ ಬ್ಯಾಂಡಿನವರಿಗೆ ನಿಜವಾಗಿ ನುಡಿಸಲು ಬರುತ್ತದಾ? ಒಬ್ಬ ಬೇಸ್ ಗಿಟಾರ್ ವಾದಕನ ಅನುಭವ

ಬೆಳಗಾವಿಯ ಆರ್ಕೆಸ್ಟ್ರಾ ಹುಡುಗರ ನಡುವೆ ಒಂದು ಮಾತು ಆಗಾಗ ಬರುತ್ತದೆ. "ಆ ಹಳೇ ಇಂಗ್ಲಿಷ್ ಬ್ಯಾಂಡಿನವರಿಗೆ ಏನ್ ಬರ್ತೈತಿ? ಮೂರು ಕಾರ್ಡ್ ಬಾರಿಸಿ ಹೆಸರು ಮಾಡ್ಯಾರ." ಕಾರ್ಡ್ ಅಂದರೆ ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು. ವೇಗವಾಗಿ ಬೆರಳು ಓಡಿಸುವ ವಿಡಿಯೋಗಳನ್ನು ನೋಡಿ ಬೆಳೆದವರಿಗೆ ಹಾಗೆ ಅನಿಸುವುದು ಸಹಜ. ಆದರೆ ನನಗೆ ಆ ಮಾತು ಒಪ್ಪಿಗೆಯಿಲ್ಲ. ಯಾಕೆ ಅಂತ ಬಾಯಿಮಾತಿನಲ್ಲಿ ವಾದಿಸುವ ಬದಲು ಕೂತು ಕೇಳಿ ನೋಡೋಣ ಅಂದುಕೊಂಡೆ. ಹೇಗೆ ಕೇಳಿದೆ, ಅದರಿಂದ ನನ್ನ ನುಡಿಸಾಣಿಕೆಗೆ ಏನು ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೇಸ್ ಗಿಟಾರ್, ಅಂದರೆ ಹಾಡಿನ ತಳದ ದಪ್ಪ ಸ್ವರಗಳನ್ನು ಕೊಡುವ ನಾಲ್ಕು ತಂತಿಯ ಗಿಟಾರ್, ನುಡಿಸುತ್ತೇನೆ. ಗಣಪತಿ ಹಬ್ಬ, ಜಾತ್ರೆ, ಮದುವೆ ರಿಸೆಪ್ಶನ್, ಕಾಲೇಜಿನ ಗ್ಯಾದರಿಂಗ್, ಇವೇ ನಮ್ಮ ವೇದಿಕೆಗಳು. ಕನ್ನಡ, ಮರಾಠಿ, ಹಿಂದಿ ಮೂರೂ ಭಾಷೆಯ ಹಾಡು ಬೇಕು. ಊರಿನ ಕ್ಯಾಂಪ್ (ದಂಡು ಪ್ರದೇಶ) ಕಡೆಯ ಪಾರ್ಟಿಗಳಲ್ಲಿ ಇಂಗ್ಲಿಷ್ ಹಾಡೂ ಬೇಕು.

ನಮ್ಮ ತಂಡದ ಕೀಬೋರ್ಡ್ ಕಾಕಾ ಮೊದಲು ನಾಟಕ ಕಂಪನಿಯಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರರಾಗಿದ್ದವರು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ವಾರಗಟ್ಟಲೆ ಟೆಂಟ್ ಹಾಕಿ ಆಡುತ್ತವಲ್ಲ, ಅಲ್ಲಿ ಪಳಗಿದ ಕೈ ಅವರದು. ನಟ ಸಾಲು ಮರೆತರೆ ಸ್ವರ ಎಳೆದು ನಿಲ್ಲಿಸಬೇಕು. ಜನ 'ಒನ್ಸ್ ಮೋರ್' ಅಂದರೆ ಮತ್ತೆ ಪಲ್ಲವಿ ಎತ್ತಿಕೊಡಬೇಕು. ಅವರು ನನಗೆ ಹೇಳಿದ್ದು ಇಷ್ಟೇ: "ಬೆರಳು ಎಲ್ಲಾರಿಗೂ ಓಡ್ತಾವಪಾ. ಹಾಡಾಂವ ದಾರಿ ತಪ್ಪಿದಾಗ ಅವನ ಸಂಗಾಟ ಹೋಗಾಂವ ಖರೇ ಮಾಸ್ತರ." ಹಳೇ ಬ್ಯಾಂಡುಗಳನ್ನು ನಾನು ಅಳೆದದ್ದು ಇದೇ ಅಳತೆಗೋಲಿನಲ್ಲಿ.

ಕೇಳುವುದಕ್ಕೂ ಒಂದು ಕ್ರಮ ಇಟ್ಟುಕೊಂಡೆ. ಒಂದು ಬ್ಯಾಂಡು, ಒಂದೇ ಹಾಡು, ಬೇರೆ ಬೇರೆ ವರ್ಷಗಳ ಶೋಗಳು. ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಕಿಕ್ ಡ್ರಮ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಮತ್ತು ಬೇಸ್ ಮಾತ್ರ ಕೇಳುತ್ತಿದ್ದೆ. ಎರಡನೇ ಸಲ ಹಾಡುಗಾರ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಅಂತ. ಮೂರನೇ ಸಲ ಹಾಡಿನ ಕೊನೆ ಮಾತ್ರ. ಕೊನೆಯನ್ನು ಎಲ್ಲರೂ ಕೂಡಿ ಹೇಗೆ ನಿಲ್ಲಿಸುತ್ತಾರೆ ಅನ್ನುವುದರಲ್ಲಿ ತಂಡದ ಅರ್ಧ ಗುಣ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಲಯ ಅಳೆಯುವ ಮೆಟ್ರೊನೋಮ್ ಆ್ಯಪಿನಲ್ಲಿ ತಾಳಕ್ಕೆ ಬೆರಳು ತಟ್ಟುತ್ತಾ ಲಯ ಎಲ್ಲಿ ಏರಿತು, ಎಲ್ಲಿ ಇಳಿಯಿತು ಅಂತಲೂ ನೋಡುತ್ತಿದ್ದೆ.

ಇಲ್ಲಿ ಒಂದು ಎಚ್ಚರಿಕೆ. ರೆಕಾರ್ಡ್ ಕಂಪನಿ ಬಿಡುಗಡೆ ಮಾಡಿದ ಲೈವ್ ರೆಕಾರ್ಡನ್ನು ಪೂರ್ತಿ ನಂಬಬಾರದು. 1965ರ ಆಗಸ್ಟ್ 15ರಂದು ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನವರು ನ್ಯೂಯಾರ್ಕಿನ ಶೇ ಸ್ಟೇಡಿಯಮ್‌ನಲ್ಲಿ 55,000ಕ್ಕೂ ಹೆಚ್ಚು ಜನರ ಮುಂದೆ ನುಡಿಸಿದರು. ಅದರ ಚಿತ್ರೀಕರಣ ಟಿವಿಗೆ ಬರುವ ಮೊದಲು, 1966ರ ಜನವರಿಯಲ್ಲಿ, ಲಂಡನ್ನಿನ ಸ್ಟುಡಿಯೋದಲ್ಲಿ ಕೂತು ಹಲವು ಭಾಗಗಳನ್ನು ಮತ್ತೆ ನುಡಿಸಿ ಸೇರಿಸಿದರು. ಅದನ್ನು ಕೇಳಿ "ಅಬ್ಬಾ, ಎಷ್ಟು ಚಂದ" ಅಂದರೂ ಲೆಕ್ಕಕ್ಕಿಲ್ಲ, "ಅಯ್ಯೋ" ಅಂದರೂ ಲೆಕ್ಕಕ್ಕಿಲ್ಲ. ಜನರ ಮಧ್ಯೆ ನಿಂತು ಯಾರೋ ಮೊಬೈಲಿನಲ್ಲಿ ಹಿಡಿದ ಒರಟು ರೆಕಾರ್ಡಿಂಗ್ ಇದಕ್ಕಿಂತ ಪ್ರಾಮಾಣಿಕ. ಈಗಿನ ಶೋಗಳಿಗಾದರೆ ನಾನು ಅದನ್ನೇ ಹುಡುಕುತ್ತೇನೆ.

ಬೀಟಲ್ಸ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. "ಪಾಪ್ ಬ್ಯಾಂಡಿನವರಿಗೆ ಏನು ಬರುತ್ತದೆ" ಅನ್ನುವವರು ಮೊದಲು ಎತ್ತುವ ಹೆಸರು ಅವರದೇ. 1960ರಿಂದ 1962ರವರೆಗೆ ಅವರು ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿ ಗಂಟೆಗಟ್ಟಲೆ ನುಡಿಸಿದವರು. ಆಮೇಲೆ ದೊಡ್ಡ ಸ್ಟೇಡಿಯಮ್ಮುಗಳಿಗೆ ಹೋದಾಗ ಅವರ ಮುಂದೆ ಮಾನಿಟರ್, ಅಂದರೆ ನುಡಿಸುವವರಿಗೇ ತಮ್ಮ ಸದ್ದು ಕೇಳಿಸುವ ಸ್ಪೀಕರ್, ಇರಲಿಲ್ಲ. ಜನರ ಕಿರುಚಾಟದಲ್ಲಿ ತಮ್ಮದೇ ದನಿ ತಮಗೆ ಕೇಳುತ್ತಿರಲಿಲ್ಲ. ಹಾಡು ಎಲ್ಲಿಗೆ ಬಂದಿದೆ ಅಂತ ತಿಳಿಯಲು ಮುಂದೆ ನಿಂತವರ ಮೈ ಅಲುಗಾಟ ನೋಡುತ್ತಿದ್ದೆ ಎಂದು ಡ್ರಮ್ಮರ್ ರಿಂಗೋ ಸ್ಟಾರ್ ಹೇಳಿದ್ದಾರೆ. 1964 ಮತ್ತು 1965ರಲ್ಲಿ ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್‌ನಲ್ಲಿ ಹಿಡಿದ ರೆಕಾರ್ಡಿಂಗುಗಳು 1977ರಲ್ಲಿ ಹೊರಬಂದವು. ಅದನ್ನು ಕೇಳಿ. ಕಿರುಚಾಟದ ಅಡಿಯಲ್ಲಿ ಬೇಸ್ ಮತ್ತು ಡ್ರಮ್ ಒಂದಕ್ಕೊಂದು ಅಂಟಿಕೊಂಡೇ ಇವೆ. ಕೇಳದ ಕಡೆ ಕೂಡ ಕೂಡಿ ನುಡಿಸುವುದು ಎಂಥ ಕೆಲಸ ಅಂತ ವೇದಿಕೆ ಹತ್ತಿದವರಿಗೆ ಗೊತ್ತು.

ನನಗೆ ಅದು ಗೊತ್ತಾದದ್ದು ಬೈಲಹೊಂಗಲ ಕಡೆಯ ಒಂದು ಜಾತ್ರೆಯಲ್ಲಿ. ಕಾರ್ಯಕ್ರಮದ ನಡುವೆ ಮಾನಿಟರ್ ಬಂದ್ ಆಯಿತು. ಮೈದಾನದ ಆ ಕಡೆ ಗೋಡೆಗೆ ಬಡಿದು ವಾಪಸ್ ಬರುವ ಸದ್ದೊಂದೇ ಕೇಳುತ್ತಿತ್ತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹತ್ತು ಮೀಟರ್ ದೂರದ ಡ್ರಮ್ ಸದ್ದು ನಿಮ್ಮ ಕಿವಿಗೆ ಬರುವಷ್ಟರಲ್ಲಿ 30 ಮಿಲಿಸೆಕೆಂಡ್ ಹತ್ತಿರ ತಡ ಆಗಿರುತ್ತದೆ. ಐವತ್ತು ಮೀಟರ್ ಆಚೆಯ ಗೋಡೆಗೆ ಹೋಗಿ ತಿರುಗಿ ಬರುವ ಸದ್ದಾದರೆ 300 ಮಿಲಿಸೆಕೆಂಡ್ ತಡ. ನಿಮಿಷಕ್ಕೆ 120ರ ಲಯದಲ್ಲಿ ಒಂದು ಮಾತ್ರೆ ಅಂದರೆ 500 ಮಿಲಿಸೆಕೆಂಡ್. ಹಾಗಾಗಿ ಆ ಪ್ರತಿಧ್ವನಿಗೆ ಹೊಂದಿಸಿ ನುಡಿಸಿದರೆ ಹಾಡು ಹಿಂದೆ ಹಿಂದೆ ಸರಿದು ಮುಗಿದೇಹೋಗುತ್ತದೆ. ಗೋಡೆಯ ಸದ್ದನ್ನು ಬಿಟ್ಟು ಡ್ರಮ್ಮರನ ಕೈಯನ್ನೇ ನೋಡುತ್ತಾ ನುಡಿಸಿದೆ. ಹಾಡು ನಿಲ್ಲಲಿಲ್ಲ. ಆ ರಾತ್ರಿಯ ನಂತರ ರಿಂಗೋ ಸ್ಟಾರ್ ಮೇಲಿನ ನನ್ನ ಗೌರವ ದುಪ್ಪಟ್ಟಾಯಿತು.

ರೆಕಾರ್ಡಿನಲ್ಲಿ ಕೇಳಿದ್ದನ್ನೆಲ್ಲ ಬ್ಯಾಂಡಿನವರೇ ನುಡಿಸಿದ್ದಾರೆ ಅಂತಲೂ ತಿಳಿಯಬಾರದು. ಅಮೆರಿಕದ ಬೀಚ್ ಬಾಯ್ಸ್ ತಂಡದ 1966ರ ಹೆಸರಾಂತ ಆಲ್ಬಮ್ಮಿನಲ್ಲಿ ಹೆಚ್ಚಿನ ವಾದ್ಯಗಳನ್ನು ನುಡಿಸಿದವರು ಲಾಸ್ ಏಂಜಲೀಸಿನ ಸ್ಟುಡಿಯೋ ವಾದಕರು. ಬೇಸ್ ಹಿಡಿದ ಕ್ಯಾರಲ್ ಕೇ, ಡ್ರಮ್ ಬಾರಿಸಿದ ಹಾಲ್ ಬ್ಲೇನ್ ಅಂಥವರು. ನಮ್ಮ ಹಿಂದಿ ಸಿನಿಮಾ ಹಾಡುಗಳ ಹಿಂದೆ ಗೋವಾದ ಆಂಥೋನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ ಅವರಂಥ ಪಳಗಿದ ಸಂಗೀತಗಾರರು ದುಡಿದ ಹಾಗೆ. ಮಂಕೀಸ್ ಅನ್ನುವ ನಾಲ್ವರ ತಂಡವನ್ನು 1966ರಲ್ಲಿ ಒಂದು ಟಿವಿ ಧಾರಾವಾಹಿಗಾಗಿಯೇ ಕಟ್ಟಿದರು. ಮೊದಲ ಆಲ್ಬಮ್ಮುಗಳಲ್ಲಿ ವಾದ್ಯ ನುಡಿಸಿದವರು ಬಹುತೇಕ ಬೇರೆಯವರು. ಅವರಲ್ಲಿ ಒಬ್ಬರಾದ ಮಿಕಿ ಡೋಲೆನ್ಜ್ ಡ್ರಮ್ ಕಲಿತದ್ದೇ ಆ ಧಾರಾವಾಹಿಗೋಸ್ಕರ. ಆದರೆ ಆ ನಾಲ್ವರು ಹಟ ಹಿಡಿದು 1967ರಲ್ಲಿ ಒಂದು ಆಲ್ಬಮ್ಮಿಗೆ ತಾವೇ ನುಡಿಸಿದರು. ನನಗೆ ಅದು ತುಂಬಾ ಇಷ್ಟವಾದ ಸಂಗತಿ. ರೆಕಾರ್ಡಿಗೆ ಬೇರೆಯವರು ನುಡಿಸಿದ್ದಾರೆ ಅಂದ ಮಾತ್ರಕ್ಕೆ ವೇದಿಕೆ ಮೇಲೆ ನಿಂತವನಿಗೆ ಏನೂ ಬರುವುದಿಲ್ಲ ಅನ್ನಲಾಗದು. ಅಲ್ವಾ?

ಇನ್ನು ಇಂಗ್ಲೆಂಡಿನದೇ ಇನ್ನೊಂದು ಬ್ಯಾಂಡು, ರೋಲಿಂಗ್ ಸ್ಟೋನ್ಸ್. 1963ರಿಂದ 2021ರಲ್ಲಿ ತೀರಿಕೊಳ್ಳುವವರೆಗೂ ಚಾರ್ಲಿ ವಾಟ್ಸ್ ಆ ತಂಡದ ಡ್ರಮ್ಮರ್. ವಿಡಿಯೋದಲ್ಲಿ ಅವರ ಬಲಗೈ ನೋಡಿ. ಸ್ನೇರ್ (ಚಟ್ ಅಂತ ಸದ್ದು ಮಾಡುವ ಚಪ್ಪಟೆ ಡ್ರಮ್) ಹೊಡೆಯುವಾಗ ಹೈಹ್ಯಾಟಿನ (ಜೋಡಿ ತಾಳದ ತಟ್ಟೆ) ಮೇಲಿನ ಕೈಯನ್ನು ಎತ್ತಿಬಿಡುತ್ತಾರೆ. ಅಲ್ಲಿ ಒಂದು ಸಣ್ಣ ಜಾಗ ಹುಟ್ಟುತ್ತದೆ. ಸ್ನೇರ್ ಒಂದೇ ಸ್ವಚ್ಛವಾಗಿ ಕೇಳುತ್ತದೆ. ಬೇರೆ ತಂಡಗಳಲ್ಲಿ ಎಲ್ಲರೂ ಡ್ರಮ್ಮಿನ ಹಿಂದೆ ಹೋದರೆ ಇಲ್ಲಿ ಡ್ರಮ್ ಕೀತ್ ರಿಚರ್ಡ್ಸ್ ಅವರ ಗಿಟಾರಿನ ಹಿಂದೆ ಹೋಗುತ್ತದೆ. ಹಾಗಾಗಿ ಲಯ ಚೂರು ಓಲಾಡುತ್ತದೆ. ಮೆಟ್ರೊನೋಮ್ ಇಟ್ಟು ನೋಡಿದರೆ ತಪ್ಪು. ಕಿವಿಗೆ ಮಾತ್ರ ಅದು ಜೀವ. ನಮ್ಮ ಆಕ್ಟೋಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ನುಡಿಸುವ ಹುಡುಗನಿಗೆ ಇದನ್ನು ತೋರಿಸಿದೆ. ಅವನು ಪ್ರತಿ ಸಾಲಿನ ಕೊನೆಗೂ ರೋಲ್ ತುಂಬುವುದನ್ನು ಕಡಿಮೆ ಮಾಡಿದ ಮೇಲೆ ಹಾಡುಗಾರರಿಗೆ ಎಷ್ಟು ಆರಾಮಾಯಿತು!

ವಯಸ್ಸಾದ ಮೇಲೆ ಏನಾಗುತ್ತದೆ? ಮೊದಲು ಇಳಿಯುವುದು ಗಂಟಲು. ಬೆರಳಿನ ಲಯ ಬಹಳ ದಿನ ಉಳಿಯುತ್ತದೆ. ಬೀಟಲ್ಸ್‌ನ ಬೇಸ್ ವಾದಕ ಪಾಲ್ ಮೆಕಾರ್ಟ್ನಿ 80 ತುಂಬಿ ಒಂದು ವಾರಕ್ಕೆ, 2022ರ ಜೂನ್ 25ರಂದು, ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ಎರಡೂವರೆ ಗಂಟೆಗೂ ಜಾಸ್ತಿ ನುಡಿಸಿ ಹಾಡಿದರು. ಮೇಲಿನ ಸ್ವರಗಳಲ್ಲಿ ದನಿ ತೆಳುವಾಗಿದೆ, ನಿಜ. ಆದರೆ ಬೇಸ್ ಕೇಳಿ. ಹಾಡುತ್ತಾ ಬೇರೆಯದೇ ಓಟದ ಬೇಸ್ ನುಡಿಸುವುದು ಎಷ್ಟು ಕಷ್ಟ ಅಂತ ಒಮ್ಮೆ ನೀವೇ ಮಾಡಿ ನೋಡಿ. ಇಂಗ್ಲೆಂಡಿನ ಜೆನೆಸಿಸ್ ತಂಡದ ಡ್ರಮ್ಮರ್ ಮತ್ತು ಹಾಡುಗಾರ ಫಿಲ್ ಕಾಲಿನ್ಸ್ ಅವರಿಗೆ ನರದ ತೊಂದರೆಯಿಂದ ಡ್ರಮ್ ಕೋಲು ಹಿಡಿಯಲು ಆಗದಂತಾಯಿತು. ಕೊನೆಯ ಪ್ರವಾಸದಲ್ಲಿ ಅವರು ಕುರ್ಚಿಯಲ್ಲಿ ಕೂತು ಹಾಡಿದರು, ಮಗ ನಿಕ್ ಡ್ರಮ್ ನುಡಿಸಿದರು. ಇದನ್ನು ಸೋಲು ಅಂತ ನೋಡಲು ನನ್ನಿಂದಾಗದು. ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನು ನೆನೆಯಿರಿ. ಕ್ಷಯದಿಂದ ಒಂದು ಶ್ವಾಸಕೋಶ ಹಾಳಾದ ಮೇಲೆ ಅವರು ಸಣ್ಣ ಸಣ್ಣ ತುಣುಕುಗಳಲ್ಲಿ ಹಾಡುವ ದಾರಿ ಕಂಡುಕೊಂಡರು. ಆ ಗಾಯನಕ್ಕೆ ತಲೆಬಾಗುವ ನಾವು ವಯಸ್ಸಾದ ಪಾಪ್ ಗಾಯಕ ಸ್ಕೇಲ್ (ಹಾಡಿನ ಶ್ರುತಿ) ಇಳಿಸಿದರೆ ಯಾಕೆ ನಗಬೇಕು?

ಸ್ಕೇಲ್ ಇಳಿಸುವುದು ಹಿಂದೆ ನುಡಿಸುವವರಿಗೂ ಪರೀಕ್ಷೆಯೇ. ಬಿಳಿ ಐದರ (ಪೇಟಿಯ ಐದನೇ ಬಿಳಿ ಮನೆ, ಇಂಗ್ಲಿಷಿನ ಜಿ) ಹಾಡನ್ನು ಅರ್ಧ ಸ್ವರ ಇಳಿಸಿದರೆ ಕಾಳಿ ಮೂರು (ಮೂರನೇ ಕಪ್ಪು ಮನೆ, ಎಫ್ ಶಾರ್ಪ್). ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಮುಗಿಯಿತು. ಬೇಸಿನಲ್ಲಿ ಹಾಗಲ್ಲ. ಬಿಳಿ ಐದರ ಮೇಜರ್ ಸ್ಕೇಲಿನಲ್ಲಿ (ಶುದ್ಧ ಸ್ವರಗಳ ಸ್ಕೇಲ್) ನಾಲ್ಕೂ ಖಾಲಿ ತಂತಿಗಳು (ಬೆರಳು ಒತ್ತದೆ ಮೀಟುವ ತಂತಿ) ಸ್ವರಕ್ಕೆ ಸೇರುತ್ತವೆ. ಕಾಳಿ ಮೂರರಲ್ಲಿ ಒಂದೂ ಸೇರುವುದಿಲ್ಲ. ಎಡಗೈಗೆ ಒಂದು ಗಳಿಗೆಯೂ ವಿಶ್ರಾಂತಿ ಇಲ್ಲ. ಅದಕ್ಕೇ ಎಷ್ಟೋ ಬ್ಯಾಂಡಿನವರು ಗಿಟಾರಿನ ತಂತಿಗಳನ್ನೇ ಅರ್ಧ ಸ್ವರ ಸಡಿಲಿಸಿಬಿಡುತ್ತಾರೆ. ನಾನು ಮಾತ್ರ ತಂತಿ ಸಡಿಲಿಸದೆ ಕಾಳಿ ಮೂರರಲ್ಲೇ ಅಭ್ಯಾಸ ಮಾಡಿದೆ. ಒಂದೇ ರಾತ್ರಿ ಮೂವರು ಹಾಡುಗಾರರು ಮೂರು ಸ್ಕೇಲ್ ಕೇಳುವ ನಮ್ಮ ಕಡೆ ಬೇರೆ ದಾರಿಯೂ ಇಲ್ಲ.

ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟು ಶೋನಲ್ಲಿ ಬಿಡುವ ಸಂಗೀತದ ವಿಷಯ ಬಿಡುವಂತಿಲ್ಲ. 1990ರಲ್ಲಿ ಮಿಲಿ ವನಿಲಿ ಎಂಬ ಪಾಪ್ ಗಾಯಕರ ಜೋಡಿಯ ಗ್ರ್ಯಾಮಿ ಪ್ರಶಸ್ತಿಯನ್ನು ವಾಪಸ್ ಪಡೆದರು. ರೆಕಾರ್ಡಿನಲ್ಲಿ ಅವರು ಹಾಡಿರಲೇ ಇಲ್ಲ. ಅದು ಮೋಸ. ಆದರೆ ಇಂದಿನ ಶೋಗಳಲ್ಲಿ ಕಿವಿಯಲ್ಲಿ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಇಟ್ಟುಕೊಂಡು, ಪಿಟೀಲು ಗುಂಪನ್ನೋ ಕೋರಸ್ಸನ್ನೋ ಟ್ರ್ಯಾಕಿನಿಂದ ಬಿಟ್ಟು, ಉಳಿದದ್ದನ್ನು ಕೈಯಾರೆ ನುಡಿಸುವುದು ಬೇರೆ. 2022ರಲ್ಲಿ ಲಂಡನ್ನಿನಲ್ಲಿ ಶುರುವಾದ, ಸ್ವೀಡನ್ನಿನ ಆಬಾ ತಂಡದ ಶೋನಲ್ಲಿ ಕಾಣುವುದು ಕಂಪ್ಯೂಟರಿನಲ್ಲಿ ಮೂಡಿಸಿದ ರೂಪಗಳು. ಹಾಡಿನ ದನಿ ರೆಕಾರ್ಡಿನದು. ಪಕ್ಕದಲ್ಲಿ ನುಡಿಸುವುದು ಮಾತ್ರ ಹತ್ತು ಜನರ ಜೀವಂತ ಬ್ಯಾಂಡು. ಟ್ರ್ಯಾಕ್ ಇದೆಯಾ ಅಂತ ಪತ್ತೆ ಹಚ್ಚಲು ನಾನು ನೋಡುವುದು ಎರಡು. ಹಾಡುಗಾರ ಮೈಕಿನಿಂದ ಬಾಯಿ ದೂರ ಮಾಡಿದಾಗ ದನಿ ಸಣ್ಣದಾಗುತ್ತದಾ? ಎರಡು ಊರಿನ ಶೋಗಳಲ್ಲಿ ಉಸಿರಿನ ಜಾಗ ಒಂದೇ ಇದೆಯಾ? ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಿದ್ದರೆ ಅನುಮಾನ ಪಡಬಹುದು.

ನನ್ನ ಉತ್ತರ ಇದು: ದಶಕಗಟ್ಟಲೆ ಊರೂರು ತಿರುಗಿ ನುಡಿಸಿದ ಪಾಪ್ ಬ್ಯಾಂಡಿನವರಲ್ಲಿ ಹೆಚ್ಚಿನವರು ಒಳ್ಳೆಯ ಲೈವ್ ವಾದಕರು. ಅವರ ಕೌಶಲ ಸೋಲೋದಲ್ಲಿ ಸಿಗುವುದಿಲ್ಲ. ಒಬ್ಬರಿಗೊಬ್ಬರು ಕಿವಿಗೊಡುವುದರಲ್ಲಿ ಸಿಗುತ್ತದೆ. ಎಲ್ಲರೂ ಹಾಗಿದ್ದಾರೆ ಅನ್ನುವುದಿಲ್ಲ. ಕೆಲವು ತಂಡಗಳಲ್ಲಿ ಹಳಬರು ಮುಂದೆ ನಿಂತಿರುತ್ತಾರೆ, ಭಾರ ಹೊರುವವರು ಹಿಂದೆ ನಿಂತ ಬಾಡಿಗೆ ವಾದಕರು. ಅದೂ ಎರಡನೇ ಸಲ ಕೇಳಿದಾಗ ಗೊತ್ತಾಗುತ್ತದೆ.

ಇದನ್ನೆಲ್ಲ ನಮ್ಮ ತಾಲೀಮಿಗೂ ತಂದೆವು. ಬೆಳಗಾವಿಯ ಟಿಳಕವಾಡಿಯ ಒಂದು ಕೋಣೆಯಲ್ಲಿ ಸೇರುತ್ತೇವೆ. ಸ್ಟುಡಿಯೋ ರೆಕಾರ್ಡಿನ ಜೊತೆ ನುಡಿಸುವುದು ಬಿಟ್ಟು ಲೈವ್ ರೆಕಾರ್ಡಿಂಗಿನ ಜೊತೆ ನುಡಿಸುತ್ತೇವೆ. ಹಾಡುಗಾರ ಬೇಕಂತಲೇ ಒಂದು ಚರಣ ಹಾರಿಸುತ್ತಾನೆ, ಯಾರೂ ಸನ್ನೆ ಮಾಡದೆ ಹಿಂಬಾಲಿಸಬೇಕು. ಕೆಲವು ದಿನ ಮಾನಿಟರ್ ಆಫ್ ಮಾಡಿ ನುಡಿಸುತ್ತೇವೆ. ಕೆಲವು ದಿನ ಬೇಸ್ ನಿಲ್ಲಿಸಿ ಉಳಿದವರಿಗೆ ಬಿಡುತ್ತೇನೆ. ಲಯ ಓಡಿತಾ, ಬಿತ್ತಾ ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುತ್ತೇವೆ. ಹೊಸದಾಗಿ ಸೇರುವವರಿಗೆ ಕಾಕಾ ಮೊದಲು ಒಂದು ನಿಧಾನದ ಹಾಡು ಕೊಡುತ್ತಾರೆ. ವೇಗದ ಹಾಡಿನಲ್ಲಿ ಸಡಿಲು ಮುಚ್ಚಿಹೋಗುತ್ತದೆ, ನಿಧಾನದ ಹಾಡಿನಲ್ಲಿ ಎಲ್ಲವೂ ಕೇಳಿಸುತ್ತದೆ. ಅದನ್ನು ಕೊನೆವರೆಗೂ ಹಿಡಿದು ನಿಲ್ಲಿಸಿದ ಹುಡುಗನಿಗೆ ಮಾತ್ರ ಗಣಪತಿ ಸೀಜನ್ನಿನ ಕಾರ್ಯಕ್ರಮ ಸಿಗುತ್ತದೆ.