ನಂಬರು, ರ್ಯಾಂಕು, ಆಮೇಲೆ ಹೆಸರು

ಸೈನ್ಯದಲ್ಲಿ ಯಾರು ಕೇಳಿದರೂ ಮೊದಲು ನಂಬರು, ಆಮೇಲೆ ರ್ಯಾಂಕು, ಕೊನೆಗೆ ಹೆಸರು. ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದಲ್ಲಿ 24 ವರ್ಷ ಹಾಗೆಯೇ ಹೇಳಿದೆ. ಹವಾಲ್ದಾರನಾಗಿ ಪುಣೆಯಿಂದ ಪೆನ್ಷನ್ ಬಂದಾಗ ನನಗೆ 43 ವರ್ಷ. ಮಗಳ ಕಾಲೇಜು ಇಲ್ಲಿಯೇ ಇದ್ದುದರಿಂದ ಊರಿಗೆ ಹೋಗದೆ ದಿಘಿಯಲ್ಲಿ ಬಾಡಿಗೆ ಮನೆ ಹಿಡಿದೆವು.

ಕಾಗದಪತ್ರಗಳ ಕೆಲಸ ಕಷ್ಟವಾಗಲಿಲ್ಲ. ಡಿಸ್ಚಾರ್ಜ್ ಬುಕ್ಕಿನಲ್ಲಿ ಬೆಳಗಾವಿ ಜಿಲ್ಲೆಯ ವಿಳಾಸವಿತ್ತು, ಅಲ್ಲಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಮಾಜಿ ಸೈನಿಕರ ಗುರುತಿನ ಚೀಟಿ ಪಡೆದೆ. ಚಿಕಿತ್ಸೆಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಮಾಡಿಸಿದೆ.

ಕೆಲಸ ಹುಡುಕುವಾಗ ಎಡವಿದೆ. ಒಂದು ಕಂಪನಿಯಲ್ಲಿ ಸಂದರ್ಶನಕ್ಕೆ ಕರೆದರು. ಸಾವಧಾನ್‌ನಲ್ಲಿ ನಿಂತು ನಂಬರು, ರ್ಯಾಂಕು, ಹೆಸರು ಹೇಳಿದೆ. 'ಹವಾಲ್ದಾರ್ ಅಂದರೆ ಪೊಲೀಸಿನಲ್ಲಿದ್ದಿರಾ?' ಎಂದು ಕೇಳಿದರು. ಗೇಟಿನ ಕಾವಲಿಗೆ ಬರುತ್ತೀರಾ ಎಂದರು. ಅದು ಕೀಳು ಕೆಲಸವಲ್ಲ. ಆದರೆ ನನಗೆ ಗೊತ್ತಿದ್ದ ಕೆಲಸ ಬೇರೆ, ಅದನ್ನು ಅವರಿಗೆ ತಿಳಿಯುವ ಹಾಗೆ ಹೇಳಲು ನನಗೆ ಬರಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನನ್ನ ಬಯೋಡೇಟಾ ಓದಿದ ಮಗಳು, 'ಅಪ್ಪಾ, ಎಕ್ಸ್‌ಚೇಂಜ್ ಎನ್‌ಸಿಒ ಅಂದರೆ ಏನು? ಬೆಳಗ್ಗೆ ಎದ್ದು ಏನು ಮಾಡುತ್ತಿದ್ದಿರಿ, ಅದನ್ನು ಹೇಳಿ' ಎಂದಳು. ನಾನು ಹೇಳುತ್ತಾ ಹೋದೆ, ಅವಳು ಬರೆದುಕೊಂಡಳು. ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಗಳನ್ನು ಪರೀಕ್ಷಿಸುವುದು, ಜನರೇಟರಿನ ಡೀಸೆಲ್ ಲೆಕ್ಕ, ಕತ್ತರಿಸಿಹೋದ ಆಪ್ಟಿಕಲ್ ಫೈಬರನ್ನು ಮಳೆಯಲ್ಲಿ ಹುಡುಕಿ ಜೋಡಿಸುವುದು, ಹನ್ನೆರಡು ಜನರಿಗೆ ಪಾಳಿ ಹಾಕುವುದು, ಸ್ಟೋರಿನ ಲೆಡ್ಜರ್. ಎರಡು ಸಂಜೆಗಳಲ್ಲಿ ಆರು ಪುಟಗಳಾದವು. ಅವುಗಳಲ್ಲಿ ಸೈನ್ಯದ ಒಂದು ಸಂಕ್ಷಿಪ್ತ ಪದವನ್ನೂ ಉಳಿಸದೆ ಒಂದು ಪುಟಕ್ಕೆ ಇಳಿಸಿದೆವು. ರ್ಯಾಂಕನ್ನು ಕೊನೆಯ ಸಾಲಿಗೆ ತಂದಾಗ ಹೊಟ್ಟೆಯಲ್ಲಿ ಸಂಕಟವಾಯಿತು, ನಿಜ. ತೋಳಿನ ಆ ಮೂರು ಪಟ್ಟಿಗಳಿಗೆ ನಾನು ಎಷ್ಟು ವರ್ಷ ಕೊಟ್ಟಿದ್ದೆ! ಆ ಪುಟ ನೋಡಿ ಒಂದು ಆಸ್ಪತ್ರೆಯವರು ಜನರೇಟರ್ ಮತ್ತು ದೂರವಾಣಿ ವ್ಯವಸ್ಥೆ ನೋಡಿಕೊಳ್ಳುವ ಕೆಲಸ ಕೊಟ್ಟರು.

ಸರ್ಕಾರಿ ಹುದ್ದೆ ಬಯಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮುಗಿಸಿದ ಮಾಜಿ ಸೈನಿಕರನ್ನು ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ, ತಾಂತ್ರಿಕ ಅನುಭವ ಕೇಳದ ಕಡೆ, ಪದವೀಧರರಿಗೆ ಸಮಾನವೆಂದು ಪರಿಗಣಿಸಬಹುದು. ಖಾಸಗಿಯವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರ ಮುಂದೆ ನಾವೇ ಬಿಡಿಸಿ ಹೇಳಬೇಕು.

ಈಗ ನಮ್ಮ ಕಡೆಯ ಹುಡುಗರು ಪೆನ್ಷನ್ ಬಂದರೆ ಭಾನುವಾರ ಮನೆಗೆ ಬರುತ್ತಾರೆ. ಹೋದ ವಾರ ಗೋಕಾಕದ ಒಬ್ಬ ಬಂದಿದ್ದ. ಏನು ಮಾಡುತ್ತಿದ್ದೆ ಎಂದು ಕೇಳಿದರೆ, 'ಏನಿಲ್ಲ ಅಣ್ಣಾ, ಬರೀ ಎಂಟಿ ಡ್ಯೂಟಿ' ಎಂದ. ಎಂಟಿ ಎಂದರೆ ಸೈನ್ಯದ ವಾಹನಗಳ ಕೆಲಸ. ಜೋಜಿಲಾ ಕಣಿವೆಯಲ್ಲಿ ಹಿಮದ ಮೇಲೆ ಲಾರಿ ಓಡಿಸಿದವನ ಮಾತು ಇದು. ಅವನ ಮುಂದೆ ಕಾಗದ ಇಟ್ಟು, ಬೆಳಗ್ಗೆ ಗಾಡಿ ಚಾಲೂ ಮಾಡುವುದಕ್ಕೆ ಮೊದಲು ಏನೇನು ನೋಡುತ್ತಿದ್ದೆ, ಅಲ್ಲಿಂದ ಶುರು ಮಾಡು ಎಂದೆ. ಮೊದಲ ಪುಟ ತುಂಬುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಊಟ ಮಾಡಿ ಎರಡನೆಯದಕ್ಕೆ ಕುಳಿತೆವು.