ಸೊಳ್ಳೆ ಸೆಕೆಂಡಿಗೆ ಎಷ್ಟು ಸಲ ರೆಕ್ಕೆ ಬಡಿಯುತ್ತದೆ? ಫೋನಿನಲ್ಲೇ ಅಳೆಯಿರಿ

ಕಿವಿ ಹತ್ತಿರ ಗುಂಯ್ ಅನ್ನುವ ಸದ್ದು ಸೊಳ್ಳೆಯ ಬಾಯಿಂದ ಬರುವುದಲ್ಲ, ರೆಕ್ಕೆಯಿಂದ. ರೆಕ್ಕೆ ಸೆಕೆಂಡಿಗೆ 500 ಸಲ ಬಡಿದರೆ ನಮಗೆ 500 ಹರ್ಟ್ಜ್ ಸ್ವರ ಕೇಳಿಸುತ್ತದೆ. ಹಾಗಾಗಿ ಎಣಿಸೋಕೆ ಮೈಕ್ ಸಾಕು.

ಸೊಳ್ಳೆಯನ್ನೋ ನೊಣವನ್ನೋ ಲೋಟದಲ್ಲಿ ಹಿಡಿದು ಬಾಯಿಗೆ ತೆಳು ಬಟ್ಟೆ ಕಟ್ಟಿ. ಫ್ಯಾನ್ ಆಫ್ ಮಾಡಿ, ಫೋನಿನ ಮೈಕನ್ನು ಬಟ್ಟೆಗೆ ತಾಗಿಸಿದಂತೆ ಇಟ್ಟು ರೆಕಾರ್ಡ್ ಮಾಡಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಗದ್ದಲ ಕಡಿಮೆ ಮಾಡುವ ಆಯ್ಕೆ ಇದ್ದರೆ ಅದನ್ನು ಮೊದಲು ತೆಗೆಯಿರಿ, ಇಲ್ಲದಿದ್ದರೆ ಒಂದೇ ಸಮನೆ ಬರುವ ಈ ಗುಂಯ್ ಸದ್ದನ್ನೇ ಗದ್ದಲ ಅಂದುಕೊಂಡು ಅದು ಒರೆಸಿಹಾಕಬಹುದು. ಆಮೇಲೆ ಹುಳವನ್ನು ಬಿಟ್ಟುಬಿಡಿ. ಸೊಳ್ಳೆ ವಿಷಯ ನಿಮಗೆ ಬಿಟ್ಟಿದ್ದು!

ಫೈಲನ್ನು ಆಡಾಸಿಟಿಯಲ್ಲಿ (ಸದ್ದು ಎಡಿಟ್ ಮಾಡುವ ಉಚಿತ ಕಂಪ್ಯೂಟರ್ ಸಾಫ್ಟ್‌ವೇರ್) ತೆರೆದು ಸ್ಪೆಕ್ಟ್ರೋಗ್ರಾಂ, ಅಂದರೆ ಸದ್ದಿನಲ್ಲಿ ಯಾವ ಯಾವ ಹರ್ಟ್ಜ್ ಸ್ವರಗಳಿವೆ ಎಂದು ತೋರಿಸುವ ಚಿತ್ರ, ನೋಡಿ. ಒಂದರ ಮೇಲೊಂದು ಗೆರೆಗಳು ಕಾಣುತ್ತವೆ: 200, 400, 600 ಹೀಗೆ. ಎಲ್ಲಕ್ಕಿಂತ ಕೆಳಗಿನದೇ ರೆಕ್ಕೆ ಬಡಿತ, ಮಿಕ್ಕವು ಅದರ ಎರಡು ಪಟ್ಟು, ಮೂರು ಪಟ್ಟು ಹೀಗೆ. ಜಾಸ್ತಿ ಜನ ಎಡವುವುದು ಇಲ್ಲೇ. ಸಣ್ಣ ಮೈಕ್‌ಗಳಿಗೆ ಕೆಳಸ್ವರ ಸರಿಯಾಗಿ ಸಿಗದೆ ಮೊದಲ ಗೆರೆ ಮಸುಕಾಗಿರುತ್ತದೆ, ಎರಡನೆಯದು ಎದ್ದು ಕಾಣುತ್ತದೆ, ಅದನ್ನೇ ಓದಿದರೆ ಉತ್ತರ ಎರಡು ಪಟ್ಟು! ಅನುಮಾನ ಬಂದರೆ ಅಕ್ಕಪಕ್ಕದ ಎರಡು ಗೆರೆಗಳ ಅಂತರ ಅಳೆಯಿರಿ, ಅದೇ ಉತ್ತರ. ಹುಳದ ಗೆರೆ ಸ್ವಲ್ಪ ಅಲುಗಾಡುತ್ತದೆ. 50 ಅಥವಾ 60ರಲ್ಲಿ ಅಲುಗದೆ ನೇರ ನಿಂತಿರುವ ಗೆರೆ ಕರೆಂಟಿನದು.

ನೊಣ ಸುಮಾರು 200, ಜೇನುನೊಣ ಸುಮಾರು 230, ಹೆಣ್ಣು ಸೊಳ್ಳೆ ಸಾಮಾನ್ಯವಾಗಿ 400ರಿಂದ 600. ಗಂಡು ಸೊಳ್ಳೆಯದು ಇನ್ನೂ ಜಾಸ್ತಿ. ಹೆಣ್ಣಿನ ಸ್ವರವನ್ನು ಮೀಸೆಯಲ್ಲಿ ಕೇಳಿಸಿಕೊಂಡೇ ಅದು ಜೋಡಿ ಹುಡುಕುತ್ತದೆ. ಸೆಕೆ ಜಾಸ್ತಿಯಾದರೆ ಬಡಿತವೂ ಏರುತ್ತದೆ, ಆದ್ದರಿಂದ ಅಳೆದಾಗಿನ ತಾಪಮಾನ ಬರೆದಿಡಿ. ಇಷ್ಟು ವೇಗಕ್ಕೆ ಪ್ರತಿ ಬಡಿತಕ್ಕೂ ನರದಿಂದ ಆದೇಶ ಹೋಗುವುದಿಲ್ಲ. ಎದೆಯೊಳಗೆ ಎರಡು ಗುಂಪಿನ ಸ್ನಾಯುಗಳಿವೆ. ಒಂದು ಕುಗ್ಗಿದಾಗ ಇನ್ನೊಂದು ಎಳೆಯಲ್ಪಡುತ್ತದೆ, ಆ ಎಳೆತಕ್ಕೇ ಅದು ತಿರುಗಿ ಕುಗ್ಗುತ್ತದೆ. ನರ ಆಗಾಗ ಒಂದು ಸೂಚನೆ ಕೊಟ್ಟರೆ ಸಾಕು.

ಚಿಟ್ಟೆಗೆ ಈ ಮೈಕ್ ಉಪಾಯ ನಡೆಯುವುದಿಲ್ಲ. ಬಡಿತ ಹತ್ತರ ಆಸುಪಾಸು, ನಮ್ಮ ಕಿವಿಗೆ 20ಕ್ಕಿಂತ ಕೆಳಗೆ ಕೇಳಿಸುವುದೇ ಇಲ್ಲ ಅಲ್ವಾ? ಅದಕ್ಕೂ ಏರೋಪ್ಲೇನ್ ಚಿಟ್ಟೆಗೂ ಸ್ಲೋಮೋಷನ್ ವಿಡಿಯೊ ಬಳಸಿ. ಸೆಕೆಂಡಿಗೆ 240 ಫ್ರೇಮ್ ಇಟ್ಟು, ರೆಕ್ಕೆ ಮೇಲಿಂದ ಹೊರಟು ಮತ್ತೆ ಮೇಲೆ ಬರುವವರೆಗಿನ ಫ್ರೇಮ್ ಎಣಿಸಿ, 240ನ್ನು ಅದರಿಂದ ಭಾಗಿಸಿ. 7 ಫ್ರೇಮ್ ಬಂದರೆ ಸುಮಾರು 34. ಜೇನುನೊಣಕ್ಕೆ ಮಾತ್ರ ಇದನ್ನು ನಂಬಬೇಡಿ: ಫ್ರೇಮಿಗೆ ಹೆಚ್ಚುಕಮ್ಮಿ ಒಂದು ಬಡಿತ ಮುಗಿದುಹೋಗುವುದರಿಂದ ರೆಕ್ಕೆ ಸುಮ್ನೆ ನಿಂತಂತೆ ಕಾಣುತ್ತದೆ.