ಸಿಪಿಯು ಖಾಲಿ, ಸರ್ವರ್ ಮಾತ್ರ ನಿಧಾನ: ನಾನು ಕಾರಣ ಹುಡುಕಿದ ಬಗೆ

ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಡೇಟಾಬೇಸ್ ಓಡುತ್ತಿದ್ದ ಒಂದು ಸರ್ವರ್, ರಾತ್ರಿ ಬ್ಯಾಕಪ್ ಶುರುವಾದ ಕೂಡಲೇ ಉಸಿರುಗಟ್ಟಿದಂತೆ ಆಡುತ್ತಿತ್ತು. ಕೋರ್‌ಗಳು 4, ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಕೆಲಸಗಳ ಸರಾಸರಿ ಸಂಖ್ಯೆ) 20ರ ಮೇಲೆ. ಆದರೆ ಸಿಪಿಯು ಹೆಚ್ಚುಕಡಿಮೆ ಸುಮ್ಮನೆ ಕೂತಿತ್ತು. ಇನ್ನಷ್ಟು ಕೋರ್ ಹಾಕಿಸೋಣ ಎಂಬ ಸಲಹೆ ಬಂತು, ನಾನು ಒಪ್ಪಲಿಲ್ಲ. ಲಿನಕ್ಸ್‌ನ ಲೋಡ್ ಆವರೇಜ್‌ನಲ್ಲಿ ಸಿಪಿಯುಗಾಗಿ ಕಾಯುವ ಪ್ರೊಸೆಸ್‌ಗಳ ಜೊತೆಗೆ, ಡಿಸ್ಕ್‌ಗಾಗಿ ಕಾಯುತ್ತ ನಿಂತವೂ ಸೇರುತ್ತವೆ. ಪ್ರೊಸೆಸ್‌ಗಳ ಪಟ್ಟಿ ತೋರಿಸುವ 'ಟಾಪ್' ಕಮಾಂಡಿನಲ್ಲಿ 'ಡಿ' ಎಂದು ಕಾಣುವುದು ಇವೇ.

ಮೆಮೊರಿ, ಸಿಪಿಯು ಸ್ಥಿತಿ ತೋರಿಸುವ 'ವಿಎಂಸ್ಟ್ಯಾಟ್ 1' ಕಮಾಂಡ್ ಕೊಟ್ಟು ಸೆಕೆಂಡಿಗೊಂದು ಸಾಲು ನೋಡುತ್ತ ಕೂತೆ. (ಮೊದಲ ಸಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬೂಟ್ ಆದಾಗಿನಿಂದ ತೆಗೆದ ಸರಾಸರಿ.) ಸಿಪಿಯು ಬಳಸುವ ಇಲ್ಲವೇ ಅದಕ್ಕಾಗಿ ಕಾಯುವ ಪ್ರೊಸೆಸ್‌ಗಳನ್ನು ಎಣಿಸುವ 'ಆರ್' ಕಾಲಂನಲ್ಲಿ ಒಂದೋ ಎರಡೋ, ಡಿಸ್ಕ್‌ಗಾಗಿ ಕಾಯುವವನ್ನು ಎಣಿಸುವ 'ಬಿ'ಯಲ್ಲಿ ಎರಡಂಕಿ. ಸ್ವಾಪ್‌ನಿಂದ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಓದುವುದನ್ನು ತೋರಿಸುವ 'ಎಸ್‌ಐ', ಅದಕ್ಕೆ ಬರೆಯುವುದನ್ನು ತೋರಿಸುವ 'ಎಸ್‌ಓ' ಎರಡೂ ಒಂದು ಕ್ಷಣವೂ ಸೊನ್ನೆಗೆ ಇಳಿಯುತ್ತಿರಲಿಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಪೇಜ್‌ಗಳನ್ನು, ಅಂದರೆ ಮೆಮೊರಿಯ ಸಣ್ಣ ತುಂಡುಗಳನ್ನು, ಸ್ವಾಪ್‌ಗೆ ಬರೆಯುವುದು, ಮರುಕ್ಷಣವೇ ಬೇಕಾಗಿ ವಾಪಸ್ ಓದುವುದು, ಇದೇ ನಡೆದಿತ್ತು. ರ‍್ಯಾಮ್‌ನಲ್ಲಿ ಸುಮಾರು 100 ನ್ಯಾನೊಸೆಕೆಂಡಿನಲ್ಲಿ ಸಿಗುವುದಕ್ಕೆ ಎಸ್‌ಎಸ್‌ಡಿಯಿಂದ ಹತ್ತಾರು, ಕೆಲವೊಮ್ಮೆ ನೂರಾರು ಮೈಕ್ರೊಸೆಕೆಂಡು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಪ್ರೊಸೆಸ್ ಮಾಡುವುದೇನೂ ಇಲ್ಲ, ಕಾಯುತ್ತದೆ.

'ಫ್ರೀ' ಕಮಾಂಡಿನಲ್ಲಿ ಖಾಲಿ ಮೆಮೊರಿ ಕಡಿಮೆ ಕಂಡರೆ ಗಾಬರಿಯಾಗಬೇಕಿಲ್ಲ. ಮಿಕ್ಕ ಜಾಗವನ್ನು ಕರ್ನಲ್ ಪೇಜ್ ಕ್ಯಾಶ್‌ಗೆ (ಡಿಸ್ಕ್‌ನಿಂದ ಓದಿದ ಫೈಲ್‌ಗಳ ಪ್ರತಿ ಇಡಲು) ಬಳಸುತ್ತದೆ, ಕೇಳಿದರೆ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು 'ಅವೈಲಬಲ್' ಕಾಲಂ. ನಮ್ಮಲ್ಲಿ ಅದೇ ಬತ್ತಿಹೋಗಿತ್ತು. ಡೇಟಾಬೇಸ್‌ನ ಬಫರ್ ರ‍್ಯಾಮ್‌ನ ಬಹುಪಾಲು ಹಿಡಿದಿತ್ತು, ಬ್ಯಾಕಪ್‌ನ ಕಂಪ್ರೆಷನ್ ಪ್ರೋಗ್ರಾಂ ಪ್ರತಿ ಥ್ರೆಡ್‌ಗೂ ಬೇರೆ ಬೇರೆ ಮೆಮೊರಿ ಕೇಳುತ್ತಿತ್ತು. ಕೇಳಿದಾಗ ಕರ್ನಲ್ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ವಿಳಾಸವನ್ನಷ್ಟೇ ಕೊಟ್ಟು, ಪ್ರೋಗ್ರಾಂ ಮೊದಲ ಸಲ ಮುಟ್ಟಿದಾಗ 4 ಕೆಬಿ ಪೇಜ್‌ಗಳಾಗಿ ನಿಜವಾದ ರ‍್ಯಾಮ್ ಜೋಡಿಸುತ್ತದೆ. ಹಾಗಾಗಿ ಎರಡೂ ತಕರಾರಿಲ್ಲದೆ ಶುರುವಾಗಿ, ಆಮೇಲೆ ಜಗಳಕ್ಕೆ ಬಿದ್ದವು.

ಕರ್ನಲ್ ಎಷ್ಟರಮಟ್ಟಿಗೆ ಸ್ವಾಪ್‌ಗೆ ಕೈಹಾಕಬೇಕು ಎಂದು ಹೇಳುವ ಸ್ವಾಪಿನೆಸ್ಸನ್ನು 60ರಿಂದ 10ಕ್ಕೆ ಇಳಿಸಿ ಎನ್ನುವವರು ಬಹಳ. ಒಟ್ಟು ಬೇಡಿಕೆಯೇ ರ‍್ಯಾಮ್ ಮೀರಿದಾಗ ಆ ಅಂಕಿಯಿಂದ ಏನೂ ಆಗದು. ಸ್ವಾಪನ್ನೇ ತೆಗೆದುಬಿಟ್ಟರೆ ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ, ಕರ್ನಲ್‌ನ ಓಓಎಂ ಕಿಲ್ಲರ್ ಏಳುತ್ತದೆ. ಅದು ಮುಖ್ಯವಾಗಿ ನೋಡುವುದು ಯಾರು ಹೆಚ್ಚು ಮೆಮೊರಿ ಹಿಡಿದಿದ್ದಾರೆ ಎಂಬುದನ್ನು, ಅಂದರೆ ಮೊದಲು ಸಾಯುವುದು ನಾವು ಕಾಪಾಡಬೇಕಾದ ಡೇಟಾಬೇಸೇ!

ನಾನು ಬ್ಯಾಕಪ್ಪನ್ನು ಸಿಸ್ಟಂಡಿ (ಸರ್ವೀಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಮೂಲಕ ಅದರದ್ದೇ ಸಿಗ್ರೂಪಿಗೆ (ಮಿತಿ ಹಾಕಬಹುದಾದ ಪ್ರೊಸೆಸ್ ಗುಂಪು) ಹಾಕಿ, 'ಮೆಮೊರಿ ಹೈ', 'ಮೆಮೊರಿ ಮ್ಯಾಕ್ಸ್' ಎರಡೂ ಮಿತಿ ಕಟ್ಟಿದೆ. ಮೊದಲನೆಯದು ದಾಟಿದರೆ ಕರ್ನಲ್ ಆ ಗುಂಪಿನಿಂದಲೇ ಪೇಜ್ ಕಿತ್ತುಕೊಂಡು ಅದನ್ನು ನಿಧಾನಗೊಳಿಸುತ್ತದೆ. ಎರಡನೆಯದಕ್ಕೆ ಮುಟ್ಟಿ, ಬಿಡಿಸಿಕೊಳ್ಳಲು ಏನೂ ಉಳಿಯದಿದ್ದರೆ ಸಾಯುವುದು ಆ ಗುಂಪಿನೊಳಗಿನ ಪ್ರೊಸೆಸ್. ಕಂಪ್ರೆಷನ್ ಥ್ರೆಡ್‌ಗಳನ್ನೂ ಇಳಿಸಿದೆ.

ಬ್ಯಾಕಪ್‌ಗೆ ಈಗ ಮೊದಲಿಗಿಂತ ಹೆಚ್ಚು ಹೊತ್ತು ಬೇಕು, ಅದು ಬೇಕೆಂದೇ ಒಪ್ಪಿಕೊಂಡ ಬೆಲೆ. 'ಎಸ್‌ಐ', 'ಎಸ್‌ಓ' ಸೊನ್ನೆಯಲ್ಲಿವೆ. ಈಗ ಲೋಡ್ ಆವರೇಜ್ ಬದಲು ಕರ್ನಲ್ ತನ್ನ ಸ್ಥಿತಿ ತೋರಿಸುವ 'ಪ್ರಾಕ್' ಫೋಲ್ಡರ್ ಒಳಗಿನ ಮೆಮೊರಿ ಪ್ರೆಶರ್ ಫೈಲಿಗೆ ಅಲಾರ್ಮ್ ಇಟ್ಟಿದ್ದೇನೆ. ಕರ್ನಲ್ 4.20ರಿಂದ ಸಿಗುವ ಈ ಫೈಲು, ಮೆಮೊರಿಗಾಗಿ ಕಾಯುವುದರಲ್ಲೇ ಎಷ್ಟು ಶೇಕಡಾ ಸಮಯ ಹೋಯಿತು ಎಂಬುದನ್ನು ನೇರವಾಗಿ ಹೇಳುತ್ತದೆ.